ಮೂರು ಮಕ್ಕಳು, ಒಂದು ಲ್ಯಾಪ್‌ಟಾಪ್, ಐದು ತಟ್ಟೆ

ಬೆಳಗ್ಗೆ ಒಂಬತ್ತೂವರೆ. ಊಟದ ಮೇಜಿನ ಆ ತುದಿಯಲ್ಲಿ ಹದಿಮೂರು ವರ್ಷದ ದೊಡ್ಡವಳು ಲ್ಯಾಪ್‌ಟಾಪಿಗೆ ಮೂಗು ತಾಗಿಸಿಕೊಂಡು ಕೂತಿದ್ದಾಳೆ. ಕೆಳಗೆ ಚಾಪೆಯ ಮೇಲೆ ಐದು ವರ್ಷದ ಚಿಕ್ಕವಳು ಹುಣಸೆಬೀಜಗಳನ್ನು ಹತ್ತತ್ತರ ಗುಡ್ಡೆ ಮಾಡುತ್ತಿದ್ದಾಳೆ. ಒಂದು ಗುಡ್ಡೆಯಲ್ಲಿ ಹನ್ನೊಂದಿದೆ, ಅವಳಿಗಿನ್ನೂ ಗೊತ್ತಾಗಿಲ್ಲ. ಒಂಬತ್ತರ ನಡುವಿನವನು ನನ್ನ ಪಕ್ಕ ಕೂತು 503ರಿಂದ 187 ಕಳೆಯುತ್ತಿದ್ದಾನೆ. ನನ್ನ ಕಣ್ಣು ಅವನ ಪೆನ್ಸಿಲ್ ತುದಿಯ ಮೇಲೆ.

ಮೈಸೂರಿನ ಹೊರವಲಯದ ನಮ್ಮ ಮನೆಯಲ್ಲಿ ಮಕ್ಕಳು ಶಾಲೆಗೆ ಹೋಗದೆ ಕಲಿಯಲು ಶುರುಮಾಡಿ ಇದು ನಾಲ್ಕನೇ ವರ್ಷ. ಇದಕ್ಕೆ ಕನ್ನಡದಲ್ಲಿ ರೂಢಿಯ ಪದ ಇಲ್ಲ. ‘ಮನೆಪಾಠ’ ಅಂದರೆ ಸಂಜೆಯ ಟ್ಯೂಷನ್ ಅಂದುಕೊಳ್ಳುತ್ತಾರೆ. ಹಾಗಾಗಿ ಹೋಮ್‌ಸ್ಕೂಲಿಂಗ್ ಅಂತಲೇ ಹೇಳಿಬಿಡುತ್ತೇನೆ. ಕೇಳಿದವರ ಮುಂದಿನ ಪ್ರಶ್ನೆ ಒಂದೇ: ಮೂರು ಮಕ್ಕಳು, ಮೂರು ತರಗತಿ, ನೀವೊಬ್ಬರೇ, ಹೇಗೆ ನಿಭಾಯಿಸುತ್ತೀರಿ? ಅವರಿಗೆ ಬೇಕಿರುವುದು ಒಂದು ಆ್ಯಪ್‌ನ ಹೆಸರು. ಹೆಸರೇನೋ ಹೇಳುತ್ತೇನೆ, ಗುಟ್ಟೇನಿಲ್ಲ: ಖಾನ್ ಅಕಾಡೆಮಿ. ಗಣಿತ, ವಿಜ್ಞಾನ ಕಲಿಸುವ ಆನ್‌ಲೈನ್ ತಾಣ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ. ಆದರೆ ಆ ಹೆಸರು ತಿಳಿದು ಅರ್ಧ ಕೆಲಸವೂ ಆಗುವುದಿಲ್ಲ. ಮೊದಲ ಆರು ತಿಂಗಳು ಆ ಹೆಸರು ನನಗೂ ಗೊತ್ತಿತ್ತು, ಮನೆಯಲ್ಲಿ ಮಾತ್ರ ದಿನಾ ಕುರುಕ್ಷೇತ್ರ.

ದಾರಿ ತೋರಿಸಿದವರು ನಮ್ಮತ್ತೆ. ಅವರು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಟೀಚರ್ ಆಗಿ ನಿವೃತ್ತರಾದವರು. ನನ್ನ ಪಾಡು ನೋಡಲಾರದೆ ಒಂದು ದಿನ ಅಡುಗೆಮನೆಯಿಂದ ಐದು ಸ್ಟೀಲ್ ತಟ್ಟೆ ತಂದು ಮೇಜಿನ ಮೇಲಿಟ್ಟು, “ಮೂರಕ್ಕೇ ಹೀಗಾದರೆ ಮೂವತ್ತಕ್ಕೆ ನಾವೇನು ಮಾಡಬೇಕಿತ್ತು?” ಅಂದರು.

ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. ಮಾದರಿ ಬಂದದ್ದು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ. ಒಂದೇ ಕೋಣೆ, ಒಬ್ಬರೇ ಟೀಚರ್, ಒಂದರಿಂದ ಮೂರನೇ ತರಗತಿಯವರೆಗಿನ ಎಲ್ಲ ಮಕ್ಕಳೂ ಒಟ್ಟಿಗೆ. ಅಲ್ಲಿ ಪಾಠಗಳು ಪುಸ್ತಕದ ಅಧ್ಯಾಯಗಳಾಗಿಲ್ಲ, ಕಾರ್ಡುಗಳಾಗಿವೆ. ಗೋಡೆಯ ಮೇಲೆ ಕಲಿಕಾ ಏಣಿ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಮಗು ಆ ಏಣಿಯಲ್ಲಿ ನೋಡಿಕೊಂಡು ತನ್ನ ಕಾರ್ಡು ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಕೂರಬೇಕಾದ ‘ತಟ್ಟೆ’ಗೆ ಹೋಗುತ್ತದೆ. ತಟ್ಟೆ ಅಂದರೆ ಗುಂಪು, ಅವು ಐದು. ಟೀಚರ್ ಪೂರ್ತಿ ಜೊತೆಗಿರುವುದು ಒಂದು. ಟೀಚರ್ ಅರ್ಧಂಬರ್ಧ ಜೊತೆಗಿರುವುದು ಇನ್ನೊಂದು. ಜೊತೆಯ ಮಕ್ಕಳೇ ಪೂರ್ತಿ ಹೇಳಿಕೊಡುವುದು, ಜೊತೆಯವರು ಸ್ವಲ್ಪ ಕೈಹಿಡಿಯುವುದು, ಹೀಗೆ ಮತ್ತೆರಡು. ಕೊನೆಯದು ಸ್ವಕಲಿಕೆ, ಮಗು ತಾನೊಂದೇ. ಹೊಸ ವಿಷಯ ಟೀಚರ್ ಪಕ್ಕದಲ್ಲಿ ಶುರುವಾಗುತ್ತದೆ, ಗಟ್ಟಿಯಾಗುತ್ತ ಆಗುತ್ತ ಮಗು ದೂರದ ತಟ್ಟೆಗೆ ಸರಿಯುತ್ತದೆ.

ಇದರ ಲೆಕ್ಕಾಚಾರ ಇಷ್ಟೇ: ಟೀಚರ್ ಒಬ್ಬರೇ ಇರುವುದರಿಂದ, ಯಾವ ಹೊತ್ತಿನಲ್ಲೂ ಬಹುಪಾಲು ಮಕ್ಕಳು ಟೀಚರ್ ಇಲ್ಲದೆ ಉಪಯೋಗದ ಕೆಲಸ ಮಾಡುತ್ತಿರಬೇಕು. ಆಗ ಮಾತ್ರ ಟೀಚರ್ ಕೆಲವರ ಜೊತೆ ನಿಜವಾಗಿ ಕೂರಬಹುದು.

ನನ್ನ ತಪ್ಪು ಆಗ ಹೊಳೆಯಿತು. ನಾನು ಆನ್‌ಲೈನ್ ಪಾಠವನ್ನು ಟೀಚರ್ ಅಂದುಕೊಂಡಿದ್ದೆ. ಅದು ಟೀಚರ್ ಅಲ್ಲ, ಐದನೇ ತಟ್ಟೆ. ಒಂದು ಮಗುವನ್ನು ಇಪ್ಪತ್ತೈದು ನಿಮಿಷ ತನ್ನ ಮಟ್ಟದ ಲೆಕ್ಕ ಮಾಡುತ್ತ ಕೂರಿಸುತ್ತದೆ, ತಪ್ಪಾದರೆ ಆ ಕ್ಷಣವೇ ತಪ್ಪು ಅನ್ನುತ್ತದೆ. ಆ ಇಪ್ಪತ್ತೈದು ನಿಮಿಷ ನಾನು ಇನ್ನೊಂದು ಮಗುವಿನದು. ಈ ಪ್ರೋಗ್ರಾಂಗಳಿಂದ ನಾವು ಪಡೆಯುವುದು ಪಾಠ ಅಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಅವು ಕೊಟ್ಟಿದ್ದು ನನ್ನದೇ ಗಮನ, ಒಂದು ಸಲಕ್ಕೆ ಒಂದು ಮಗುವಿಗೆ.

ಖಾನ್ ಅಕಾಡೆಮಿ ಹುಟ್ಟಿದ ಬಗೆಯೂ ಇದಕ್ಕೆ ಹೊಂದುತ್ತದೆ. 2004ರಲ್ಲಿ ಸಲ್ಮಾನ್ ಖಾನ್ (ನಟ ಅಲ್ಲ, ಅಮೆರಿಕದಲ್ಲಿ ಹಣಕಾಸು ಕ್ಷೇತ್ರದಲ್ಲಿದ್ದವರು) ದೂರದ ಊರಿನಲ್ಲಿದ್ದ ನೆಂಟರ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ನೆಂಟರಿಷ್ಟರ ಮಕ್ಕಳೆಲ್ಲ ಬಂದು ಸೇರಿಕೊಂಡಾಗ ಅವರು ಮೊದಲು ಮಾಡಿದ್ದು ವಿಡಿಯೊ ಅಲ್ಲ, ಅಭ್ಯಾಸದ ಲೆಕ್ಕಗಳನ್ನು ಹುಟ್ಟಿಸಿಕೊಡುವ ಒಂದು ತಂತ್ರಾಂಶ. ಯೂಟ್ಯೂಬ್ ವಿಡಿಯೊಗಳು 2006ರಲ್ಲಿ ಬಂದವು, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿದ್ದು 2008ರಲ್ಲಿ. ಜನ ಈಗಲೂ ಅದನ್ನು ವಿಡಿಯೊಗಳ ರಾಶಿ ಅಂದುಕೊಂಡಿದ್ದಾರೆ. ನಮ್ಮ ಮನೆಯಲ್ಲಿ ವಿಡಿಯೊ ನೋಡುವುದು ಬಲು ಕಡಿಮೆ. ಲೆಕ್ಕ ಮಾಡುತ್ತ ಸಿಕ್ಕಿಕೊಂಡರೆ ಮಾತ್ರ ಆ ತುಣುಕು ನೋಡಿ ಮರಳಬೇಕು ಅನ್ನುವುದು ನಿಯಮ. ಸುಮ್ಮನೆ ನೋಡುತ್ತ ಕೂತ ಮಗುವಿಗೆ ಎಲ್ಲ ಅರ್ಥವಾದ ಹಾಗೇ ಅನ್ನಿಸುತ್ತದೆ. ಸಚಿನ್ ಆಟ ನೋಡಿದವರಿಗೆಲ್ಲ ಬ್ಯಾಟಿಂಗ್ ಅರ್ಥವಾದ ಹಾಗೆ.

ಶುರುಮಾಡುವವರು ಮೊದಲು ಮಾಡಬೇಕಾದ್ದು ಒಂದಿದೆ, ಅದನ್ನು ನಾನು ಮಾಡಲಿಲ್ಲ: ಮಕ್ಕಳಿಗೆ ಬೇರೆಬೇರೆ ಖಾತೆ. ಒಂದೇ ಲ್ಯಾಪ್‌ಟಾಪ್ ಇದ್ದುದರಿಂದ ಒಂದೇ ಲಾಗಿನ್ ಸಾಕು ಅಂದುಕೊಂಡೆ. ಮೂರು ವಾರ ತಮ್ಮ ಅಕ್ಕನ ಖಾತೆಯಲ್ಲಿ ಕೂಡುವ ಕಳೆಯುವ ಲೆಕ್ಕ ಮಾಡಿದ, ಅಕ್ಕ ಅದರಲ್ಲೇ ಬೀಜಗಣಿತ ಮಾಡಿದಳು. ಕೊನೆಗೆ ಯಾರಿಗೆ ಏನು ಬರುತ್ತದೆ ಅಂತ ಹೇಳುವ ಪುಟ ಮಿಸಳ್ ಭಾಜಿಯಾಗಿತ್ತು. ಹದಿಮೂರರ ಒಳಗಿನವರ ಖಾತೆಯನ್ನು ಅಪ್ಪ ಅಮ್ಮನ ಇಮೇಲ್‌ಗೆ ಜೋಡಿಸಿಯೇ ತೆರೆಯಬೇಕು. ಹಾಗೆ ಜೋಡಿಸಿದರೆ ಎಲ್ಲರ ಪ್ರಗತಿಯೂ ಒಂದೇ ಕಡೆ ನಮಗೆ ಕಾಣುತ್ತದೆ. ಹೆಸರಿನ ಜಾಗದಲ್ಲಿ ಮನೆಯ ಮುದ್ದಿನ ಹೆಸರು ಹಾಕಿದರೆ ಸಾಕು, ಪೂರ್ತಿ ಹೆಸರು, ಊರು, ಶಾಲೆ ಬೇಡ.

ಆಮೇಲಿನದು ತರಗತಿಯ ಪ್ರಶ್ನೆ. ‘ನಿಮ್ಮ ಮಗು ಎಷ್ಟನೇ ಕ್ಲಾಸು’ ಅಂತ ಪ್ರೋಗ್ರಾಂ ಕೇಳುತ್ತದೆ, ನಾವು ವಯಸ್ಸು ನೋಡಿ ಉತ್ತರ ಕೊಡುತ್ತೇವೆ. ಎಡವಟ್ಟು ಅಲ್ಲೇ. ಮಗುವಿಗೆ ಒಂದು ತರಗತಿ ಅನ್ನುವುದು ಶಾಲೆಯ ಅನುಕೂಲಕ್ಕೆ ಇರುವ ಮಾತು. ನಮ್ಮ ದೊಡ್ಡವಳು ರೇಖಾಗಣಿತದಲ್ಲಿ ಒಂಬತ್ತನೆಯದು, ಸಮೀಕರಣದಲ್ಲಿ ಏಳನೆಯದು, ಭಿನ್ನರಾಶಿಯಲ್ಲಿ ಐದನೆಯದು.

ಇದು ಗೊತ್ತಾಗಿದ್ದು ಹೀಗೆ. ಅವಳು x/3 + x/4 = 7 ಅನ್ನುವ ಸಮೀಕರಣದ ಮುಂದೆ ಎರಡು ದಿನ ಮುನಿಸಿಕೊಂಡು ಕೂತಳು. ಎಂಟನೇ ತರಗತಿಯ ವಿಡಿಯೊ ಮೂರು ಸಲ ನೋಡಿದಳು. ಆಗಲಿಲ್ಲ. ನಾನು ಪಕ್ಕಕ್ಕೆ ಕರೆದು, x ಎಲ್ಲ ಬಿಡು, ಬರೀ 1/3 + 1/4 ಎಷ್ಟು ಹೇಳು ಅಂದೆ. ಕ್ಷಣವೂ ತಡೆಯದೆ 2/7 ಅಂದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅರ್ಧ ರೊಟ್ಟಿಗೆ ಇನ್ನರ್ಧ ಸೇರಿಸಿದರೆ ನಿನ್ನ ಲೆಕ್ಕದಲ್ಲಿ ಎಷ್ಟಾಗುತ್ತೆ ಅಂತ ಕೇಳಿದೆ. 2/4 ಅಂತ ಬರೆದಳು, ಅದು ಮತ್ತೆ ಅರ್ಧವೇ ಅಂತ ನೋಡಿದಳು, ನಕ್ಕಳು. ಅಂಶ ಯಾವುದು ಛೇದ ಯಾವುದು ಅನ್ನುವ ಹೆಸರು ಅವಳಿಗೆ ಗೊತ್ತಿತ್ತು. ಛೇದ ಅಂದರೆ ತುಂಡಿನ ಗಾತ್ರ, ಗಾತ್ರ ಬೇರೆಯಾದ ತುಂಡುಗಳನ್ನು ಹಾಗೇ ಎಣಿಸಲು ಬರುವುದಿಲ್ಲ ಅನ್ನುವುದು ಗೊತ್ತಿರಲಿಲ್ಲ. ಕಾಯಿಲೆ ಎಂಟನೇ ತರಗತಿಯಲ್ಲಿ ಕಾಣಿಸಿಕೊಂಡರೂ ಔಷಧ ಐದನೆಯದರಲ್ಲಿತ್ತು. ಎರಡು ವಾರ ಕೆಳಗಿಳಿದು ಬಂದಳು, ಆಮೇಲೆ x = 12 ತಾನೇ ಕಂಡುಕೊಂಡಳು.

ಶಾಲೆಯಲ್ಲಿ ಹೀಗೆ ಇಳಿಯುವುದು ಅವಮಾನ. ಮನೆಯಲ್ಲಿ ಪರದೆಯ ಮೇಲೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೇರೆಬೇರೆ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು, ಯಾಕೆಂದರೆ ‘ಅಯ್ಯೋ ಇದು ನನಗೇ ಬರುತ್ತೆ’ ಅನ್ನಲು ಒಬ್ಬ ತಮ್ಮ ಯಾವತ್ತೂ ಪಕ್ಕದಲ್ಲಿರುತ್ತಾನೆ. ನಾನು ಹೇಳುವುದು ಇಷ್ಟೇ: ಗಣಿತದಲ್ಲಿ ವಯಸ್ಸಿಗಿಂತ ಎರಡು ತರಗತಿ ಕೆಳಗಿನ ‘ಕೋರ್ಸ್ ಚಾಲೆಂಜ್’ ಅನ್ನುವ ಪರೀಕ್ಷೆ ಕೊಟ್ಟು ನೋಡಿ. ಎಲ್ಲ ಘಟಕಗಳಿಂದಲೂ ಪ್ರಶ್ನೆ ಬರುತ್ತವೆ. ಎಲ್ಲಿ ತೂತಿದೆ ಅಂತ ಅರ್ಧ ಗಂಟೆಯಲ್ಲಿ ಕಾಣುತ್ತದೆ. ಇನ್ನೊಂದು, ಕೋರ್ಸು ಆರಿಸುವಾಗ ಭಾರತದ ಪಠ್ಯದ್ದನ್ನೇ ಆರಿಸಿ. ತಪ್ಪಿ ಅಮೆರಿಕದ್ದು ಒತ್ತಿದ್ದರಿಂದ ನಮ್ಮ ನಡುವಿನವನು ‘ಕ್ವಾರ್ಟರ್’, ‘ಡೈಮ್’ ಅಂದರೇನು ಅಂತ ಒಂದು ವಾರ ಕೇಳಿದ. ಲೆಕ್ಕ ಬರದ್ದಲ್ಲ, ಅವರ ಚಿಲ್ಲರೆ ಕಾಸಿನ ಹೆಸರು ಗೊತ್ತಿರಲಿಲ್ಲ.

ಈಗ ಅಂಕಿಗಳ ವಿಷಯ. ನನ್ನ ಹೊಟ್ಟೆಪಾಡು ಲೆಕ್ಕಪತ್ರ ಬರೆಯುವುದು, ಹಾಗಾಗಿ ಇದರ ಮೇಲೆ ನನಗೆ ಸ್ವಲ್ಪ ಹೆಚ್ಚೇ ಸಂಶಯ. ಖಾನ್ ಅಕಾಡೆಮಿಯಲ್ಲಿ ಪ್ರತಿ ಕೌಶಲಕ್ಕೂ ಮೆಟ್ಟಿಲುಗಳಿವೆ. ಅಭ್ಯಾಸದಲ್ಲಿ ನೂರಕ್ಕೆ ಎಪ್ಪತ್ತು ಸರಿಯಾದರೆ ‘ಫ್ಯಾಮಿಲಿಯರ್’, ಅಂದರೆ ಪರಿಚಯವಾಯಿತು, 50 ಅಂಕ. ಎಲ್ಲವೂ ಸರಿಯಾದರೆ ‘ಪ್ರೊಫಿಶಿಯೆಂಟ್’, 80 ಅಂಕ. ಆಮೇಲೆ ಎಲ್ಲ ಬೆರೆಸಿದ ಘಟಕ ಪರೀಕ್ಷೆಯಲ್ಲಿ ಅದೇ ಕೌಶಲದ ಪ್ರಶ್ನೆ ಮತ್ತೆ ಬಂದಾಗಲೂ ಸರಿ ಮಾಡಿದರೆ ‘ಮಾಸ್ಟರ್ಡ್’, 100. ಬೆರೆಸಿದ ಪರೀಕ್ಷೆಯಲ್ಲಿ ತಪ್ಪಿದರೆ ಮೆಟ್ಟಿಲು ಕೆಳಗೂ ಇಳಿಯುತ್ತದೆ. ಸುಳಿವು ಕೇಳಿದರೆ ಆ ಪ್ರಶ್ನೆ ತಪ್ಪಾದ ಲೆಕ್ಕಕ್ಕೇ ಹೋಗುತ್ತದೆ.

ಏರ್ಪಾಡು ಒಳ್ಳೆಯದೇ. ಒಂದೇ ದಿನ ಒಂದೇ ಬಗೆಯ ಇಪ್ಪತ್ತು ಲೆಕ್ಕ ಮಾಡಿದ್ದು ಆ ದಿನ ಬಂದ ಹಾಗೆ ಕಾಣುತ್ತದೆ, ಮುಂದಿನ ವಾರಕ್ಕೆ ಇರುವುದಿಲ್ಲ. ಕಲಿತದ್ದು ಮೊದಲ ದಿನಗಳಲ್ಲೇ ಹೇಗೆ ಸರಸರ ಜಾರುತ್ತದೆ ಅಂತ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟಿದ್ದ. ಮರೆಯುವ ಹೊತ್ತಿಗೆ ಮತ್ತೆ ಕೇಳುವುದೇ ಮದ್ದು. ನಮ್ಮಜ್ಜಿಯರು ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸುತ್ತಿದ್ದುದು ಎಬ್ಬಿಂಗ್‌ಹೌಸ್ ಓದಿ ಅಲ್ಲ. ಪ್ರೋಗ್ರಾಂ ಈ ಮತ್ತೆ ಕೇಳುವ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತದೆ. ಮೂರು ಮಕ್ಕಳ ಯಾರಿಗೆ ಯಾವಾಗ ಏನು ಕೇಳಬೇಕು ಅಂತ ತಲೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದ ಕೆಲಸ.

ಆದರೆ ಪ್ರಗತಿ ತೋರಿಸುವ ಪುಟದಲ್ಲಿ ಕಾಣುವುದು ಉತ್ತರ ಸರಿಯೋ ತಪ್ಪೋ ಅನ್ನುವುದಷ್ಟೇ. ಮಗು ಹೇಗೆ ಯೋಚಿಸಿತು ಅನ್ನುವುದಲ್ಲ. ಮೊದಲಿಗೆ ಹೇಳಿದ 503 – 187ಕ್ಕೆ ಬರುತ್ತೇನೆ.

ನಡುವಿನವನ ಪುಟದಲ್ಲಿ ಮೂರಂಕಿ ವ್ಯವಕಲನ ‘ಪರಿಚಯವಾಯಿತು’ ಅಂತ ತೋರಿಸುತ್ತಿತ್ತು. ಎಪ್ಪತ್ತಕ್ಕಿಂತ ಮೇಲೆ ಸರಿ. ನಾನು ಖುಷಿಯಾಗಿದ್ದೆ. ಅವನ ರಫ್ ಪುಸ್ತಕ ತೆಗೆದಾಗ ನೋಡಿದರೆ, 503 ಕೆಳಗೆ 187, ಉತ್ತರ 484. ಹೇಗಪ್ಪಾ ಅಂತ ಕೇಳಿದೆ. “ಏಳರಲ್ಲಿ ಮೂರು ಹೋದರೆ ನಾಲ್ಕು, ಎಂಟರಲ್ಲಿ ಸೊನ್ನೆ ಹೋದರೆ ಎಂಟು, ಐದರಲ್ಲಿ ಒಂದು ಹೋದರೆ ನಾಲ್ಕು.” ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದು ಕಳೆಯುವುದು ಅವನ ನಿಯಮ. 786ರಿಂದ 342 ಕಳೆಯುವಂಥ ಲೆಕ್ಕಕ್ಕೆಲ್ಲ ಈ ನಿಯಮ ಸರಿಯಾದ ಉತ್ತರವನ್ನೇ ಕೊಡುತ್ತದೆ. ದಶಕ ತೆಗೆದುಕೊಳ್ಳಬೇಕಾದಲ್ಲಿ ಮಾತ್ರ ಕೈಕೊಡುತ್ತದೆ. ಪ್ರೋಗ್ರಾಂಗೆ ಅವನು ಬಹುಪಾಲು ಸರಿ ಮಾಡುವ, ಆಗೀಗ ತಪ್ಪುವ ಹುಡುಗ. ನಿಜಕ್ಕೆ ಅವನು ಒಂದೂ ಲೆಕ್ಕವನ್ನು ಸರಿಯಾಗಿ ಮಾಡಿರಲಿಲ್ಲ. ತಪ್ಪು ನಿಯಮ ಕೆಲವು ಕಡೆ ಸರಿ ಉತ್ತರ ಕೊಟ್ಟಿತ್ತು, ಅಷ್ಟೆ.

ಇಂಥದ್ದಕ್ಕೆ ಎದುರು ಕೂರುವ ಮನುಷ್ಯರೇ ಬೇಕು. ಅವತ್ತು ಲ್ಯಾಪ್‌ಟಾಪ್ ಮುಚ್ಚಿ ನೂರರ ಐದು ನೋಟು, ಮೂರು ಒಂದು ರೂಪಾಯಿ ನಾಣ್ಯ ಕೊಟ್ಟೆ. ನನಗೆ 187 ಕೊಡು ಅಂದೆ. ನೋಟು ತಿರುವಿದ, ನಾಣ್ಯ ಎಣಿಸಿದ, ಚಿಲ್ಲರೆ ಇಲ್ಲ ಅಂದ. ಹಾಗಾದರೆ ಮಾಡಿಸಿಕೊಂಡು ಬಾ. ಅಜ್ಜಿ ಹತ್ತಿರ ಒಂದು ನೂರು ಕೊಟ್ಟು ಹತ್ತು ಹತ್ತರ ನೋಟು ತಂದ. ಅದರಲ್ಲೊಂದು ಮತ್ತೆ ಕೊಟ್ಟು ಹತ್ತು ನಾಣ್ಯ ತಂದ. ಈಗ ಅವನ ಕೈಯಲ್ಲಿ ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ನನಗೆ 187 ಎಣಿಸಿಕೊಟ್ಟ ಮೇಲೆ ಮೂರು ನೋಟು, ಒಂದು ಹತ್ತು, ಆರು ನಾಣ್ಯ ಉಳಿದವು. “316! ಮತ್ತೆ 484 ಹೆಂಗೆ ಬಂತು?” ಅಂತ ಅವನೇ ಕೇಳಿಕೊಂಡ. ಅವನು ಆ ಪ್ರಶ್ನೆ ಕೇಳಿಕೊಳ್ಳುವುದಕ್ಕೆ ಮೂರು ತಿಂಗಳು ತಡವಾಗಿತ್ತು. ಅಷ್ಟೂ ದಿನ ನಾನು ಪುಟ ನೋಡುತ್ತಿದ್ದೆ, ಪುಸ್ತಕ ನೋಡಿರಲಿಲ್ಲ.

ಆಮೇಲೆ ನಮ್ಮಲ್ಲಿ ಬಂದ ಕಾನೂನು: ಪರದೆಯ ಮುಂದೆ ಕೂರುವವರು ಪಕ್ಕದಲ್ಲಿ ರಫ್ ಪುಸ್ತಕ ಇಟ್ಟುಕೊಳ್ಳಲೇಬೇಕು, ಪ್ರತಿ ಲೆಕ್ಕ ಅಲ್ಲಿ ಮಾಡಿಯೇ ಉತ್ತರ ಒತ್ತಬೇಕು, ರಬ್ಬರ್ ಬಳಸಕೂಡದು. ರಾತ್ರಿ ಹತ್ತು ನಿಮಿಷ ಮೂರು ಪುಸ್ತಕ ತಿರುವುತ್ತೇನೆ. ನಾಳೆ ಯಾರ ತಟ್ಟೆ ನನ್ನ ಪಕ್ಕದಲ್ಲಿರಬೇಕು ಅಂತ ನಿರ್ಧಾರವಾಗುವುದು ಆಗ.

ವೇಳಾಪಟ್ಟಿ ಕೇಳುವವರಿಗೆ: ಗಂಟೆ ಹೊಡೆಯುವ ವೇಳಾಪಟ್ಟಿ ಇಟ್ಟು ನೋಡಿ ಕೈಬಿಟ್ಟೆವು. ಈಗಿರುವುದು ಸರದಿ. ಬೆಳಗ್ಗೆ ಇಪ್ಪತ್ತೈದು ನಿಮಿಷದ ಮೂರು ಸುತ್ತು. ಪ್ರತಿ ಸುತ್ತಿನಲ್ಲಿ ಒಬ್ಬರು ಲ್ಯಾಪ್‌ಟಾಪ್ ಮುಂದೆ, ಒಬ್ಬರು ನನ್ನ ಪಕ್ಕ, ಒಬ್ಬರು ಕೈಕೆಲಸದ ಮೇಲೆ ಅಥವಾ ಓದುತ್ತ. ಮೂರನೇ ಸುತ್ತು ಮುಗಿಯುವ ಹೊತ್ತಿಗೆ ಎರಡು ದೊಡ್ಡ ಮಕ್ಕಳು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ, ಮೂವರೂ ನನ್ನ ಪಕ್ಕ ಕೂತಿರುತ್ತಾರೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ಸುತ್ತು ಪುಸ್ತಕದ ಸುತ್ತಾಗುತ್ತದೆ. ನನ್ನ ಸಂಬಳದ ಕೆಲಸ ಮಧ್ಯಾಹ್ನ ಮೇಲೆ.

ಚಿಕ್ಕವಳ ಪರದೆ ಬಹಳ ಕಡಿಮೆ. ಐದರಿಂದ ಹತ್ತು ವರ್ಷದವರಿಗೆ ದಿನಕ್ಕೆ ಎರಡು ಗಂಟೆಯೊಳಗಿರಲಿ, ಎರಡರಿಂದ ಐದರವರಿಗೆ ಒಂದು ಗಂಟೆ ಮೀರದಿರಲಿ ಅನ್ನುವುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಅದರಲ್ಲಿ ಕಾರ್ಟೂನೂ ಸೇರುತ್ತದೆ ಅನ್ನುವುದನ್ನು ಮರೆಯುತ್ತೇವೆ. ಎರಡರಿಂದ ಎಂಟು ವರ್ಷದವರಿಗೆ ಅಂತಲೇ ಖಾನ್ ಅಕಾಡೆಮಿ ಕಿಡ್ಸ್ ಅನ್ನುವ ಬೇರೆ ಆ್ಯಪ್ ಇದೆ. ಚೆನ್ನಾಗಿದೆ, ಆದರೆ ಅದರ ಪ್ರಾಣಿಗಳೆಲ್ಲ ಇಂಗ್ಲಿಷ್ ಮಾತಾಡುತ್ತವೆ. ಐದರ ವಯಸ್ಸಿಗೆ ಬೇಕಾದ್ದು ಎಣಿಸುವುದು, ಹೊಂದಿಸುವುದು, ಕೇಳುವುದು, ಹೇಳುವುದು. ಹುಣಸೆಬೀಜ, ಅಜ್ಜಿ, ಚಾಪೆ ಇರುವ ಮನೆಯಲ್ಲಿ ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ವಾರಕ್ಕೆ ಎರಡು ದಿನ ಹದಿನೈದು ನಿಮಿಷ ಕೊಡುತ್ತೇನೆ, ಅದೂ ಅಕ್ಕ ಅಣ್ಣಂದಿರಿಗೆ ಸಿಗುವುದು ತನಗಿಲ್ಲ ಅನ್ನುವ ಗಲಾಟೆ ತಪ್ಪಿಸಲು.

ಇಷ್ಟು ಹೊತ್ತು ಬೇರೆಬೇರೆ ಕೂರಿಸುವ ಮಾತಾಯಿತು. ಒಟ್ಟಿಗೆ ಕೂರಿಸಲು ವಿಜ್ಞಾನದಷ್ಟು ಒಳ್ಳೆಯ ವಿಷಯ ಇಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಫೆಟ್ ಸಿಮ್ಯುಲೇಷನ್‌ಗಳು ಉಚಿತ, ಕೆಲವು ಕನ್ನಡದಲ್ಲೂ ಸಿಗುತ್ತವೆ. ಅದರಲ್ಲಿ ವಿದ್ಯುತ್ ಮಂಡಲ ಕಟ್ಟುವುದೊಂದಿದೆ: ತಂತಿ, ಬ್ಯಾಟರಿ, ಬಲ್ಬು ಎಳೆದು ತಂದು ಜೋಡಿಸಬೇಕು. ಚಿಕ್ಕವಳ ಕೆಲಸ ಬಲ್ಬು ಹತ್ತಿಸುವುದು. ಎಲ್ಲೋ ಒಂದು ಕಡೆ ತಂತಿ ತಾಗದಿದ್ದರೆ ಹತ್ತದು ಅಂತ ಕಂಡುಕೊಂಡರೆ ಅವಳ ಪಾಠ ಮುಗಿಯಿತು. ನಡುವಿನವನು ಎರಡು ಬಲ್ಬನ್ನು ಒಂದರ ಹಿಂದೊಂದು ಹಾಕಿದರೆ ಮಂಕಾಗುವುದು, ಪಕ್ಕಪಕ್ಕ ಹಾಕಿದರೆ ಮಂಕಾಗದಿರುವುದು ನೋಡಿ ಮನೆಯ ಬಲ್ಬುಗಳು ಯಾವ ಬಗೆ ಅಂತ ಹೇಳಬೇಕು. ದೊಡ್ಡವಳು ಅಳೆಯಬೇಕು: 9 ವೋಲ್ಟ್ ಬ್ಯಾಟರಿಗೆ 10 ಓಮ್‌ನ ಒಂದು ಬಲ್ಬು ಹಾಕಿದರೆ 0.9 ಆಂಪಿಯರ್, ಅಂಥದ್ದೇ ಇನ್ನೊಂದು ಸಾಲಿಗೆ ಸೇರಿಸಿದರೆ 0.45. ಯಾಕೆ ಅರ್ಧವಾಯಿತು? ಒಂದೇ ಪರದೆ, ಮೂರು ಪ್ರಶ್ನೆ. ಅದಾದ ಮೇಲೆ ಟಾರ್ಚಿನ ನಿಜವಾದ ಸೆಲ್ಲು, ಚಿಕ್ಕ ಬಲ್ಬು ಕೈಗೆ ಕೊಡುತ್ತೇನೆ. ಪರದೆಯ ತಂತಿ ಯಾವಾಗಲೂ ಸರಿಯಾಗಿ ಕೂರುತ್ತದೆ. ನಿಜವಾದ ತಂತಿ ಜಾರುತ್ತದೆ, ಅದನ್ನು ಹಿಡಿಯಲು ಇನ್ನೊಬ್ಬರ ಬೆರಳು ಬೇಕು. ಜಗಳ ನಿಂತು ಮೂವರೂ ಒಂದಾಗುವುದು ಅಲ್ಲಿ.

ಕನ್ನಡದ ಮಾತು ಬಿಟ್ಟರೆ ಈ ಬರಹ ಅಪೂರ್ಣ. ಖಾನ್ ಅಕಾಡೆಮಿಯಲ್ಲಿ ಕನ್ನಡದಲ್ಲಿ ಗಣಿತ, ವಿಜ್ಞಾನದ ಪಾಠಗಳಿವೆ, ಇಂಗ್ಲಿಷಿನಲ್ಲಿ ಇರುವಷ್ಟು ಇಲ್ಲ. ನಾವು ಎರಡನ್ನೂ ಬೆರೆಸುತ್ತೇವೆ. ಹೊಸ ವಿಷಯವನ್ನು ಮೊದಲು ಕನ್ನಡದಲ್ಲೇ ನಾನು ಹೇಳುತ್ತೇನೆ, ‘ಅನುಪಾತ’ವನ್ನು ದೋಸೆ ಹಿಟ್ಟಿನ ಅಕ್ಕಿ ಉದ್ದಿನ ಲೆಕ್ಕದಲ್ಲಿ. ಅಭ್ಯಾಸ ಯಾವ ಭಾಷೆಯಲ್ಲಿದ್ದರೂ ಆಮೇಲೆ ತೊಂದರೆಯಿಲ್ಲ. ಕರ್ನಾಟಕದ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಸಂಕೇತಗಳನ್ನು ಮೊಬೈಲಿನಲ್ಲಿ ಹಿಡಿದರೆ ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ದೀಕ್ಷಾ ವೇದಿಕೆಯಲ್ಲಿ ಆಯಾ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಗುಣಮಟ್ಟ ಏರುಪೇರು. ಸಮಾಜ ವಿಜ್ಞಾನಕ್ಕೆ ಅದು ಆಗಿಬರುತ್ತದೆ.

ಭಾಷೆಯನ್ನೇ ಕಲಿಯಲು ಇವ್ಯಾವುವೂ ಸಾಲವು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿ ಉಚಿತವಾಗಿ ಸಿಗುತ್ತವೆ. ನಾನು ಇಳಿಸಿಕೊಂಡು ಪ್ರಿಂಟ್ ಹಾಕಿಸುತ್ತೇನೆ. ಅಣ್ಣ ತಂಗಿಗೆ ಓದಿ ಹೇಳುವುದು ನಮ್ಮ ಮೂರನೇ ತಟ್ಟೆ. ಒತ್ತಕ್ಷರದಲ್ಲಿ ಅವನು ತಡವರಿಸಿದರೆ ಅವಳು ಬಿಡುವುದಿಲ್ಲ, ಚಿತ್ರ ನೋಡಿ “ಅದು ಅಲ್ಲ” ಅನ್ನುತ್ತಾಳೆ. ಯಾವ ಆ್ಯಪೂ ಹಾಗೆ ತಿದ್ದಿದ್ದನ್ನು ನಾನು ಕಂಡಿಲ್ಲ.

ಈ ಮೂರನೇ ತಟ್ಟೆಯಲ್ಲಿ ಒಂದು ಅಪಾಯವೂ ಇದೆ. ದೊಡ್ಡ ಮಗು ಸಂಬಳವಿಲ್ಲದ ಟೀಚರ್ ಆಗಿಬಿಡುತ್ತದೆ. ನಮ್ಮ ದೊಡ್ಡವಳು ಒಮ್ಮೆ ಸೀದಾ ಕೇಳಿದಳು: “ಅವನಿಗೆ ಹೇಳಿಕೊಟ್ಟು ಹೇಳಿಕೊಟ್ಟು ನಾನು ಯಾವಾಗಮ್ಮ ಓದೋದು?” ನಿಜ. ಹೇಳಿಕೊಡುವುದರಿಂದ ಹೇಳುವವರಿಗೂ ವಿಷಯ ಗಟ್ಟಿಯಾಗುತ್ತದೆ, ಆದರೆ ಅವಳಿಗೆ ಈಗ ಬೇಕಾದ ವಿಷಯವೇ ಆಗಿದ್ದರೆ ಮಾತ್ರ. ಭಿನ್ನರಾಶಿ ಕಲಿಯುವಾಗ ತಮ್ಮನಿಗೆ ಭಿನ್ನರಾಶಿ ಹೇಳಲಿ, ಮಗ್ಗಿ ಒಪ್ಪಿಸಿಕೊಳ್ಳುವುದು ಅವಳ ಕೆಲಸವಲ್ಲ. ದಿನಕ್ಕೆ ಹದಿನೈದು ನಿಮಿಷ, ಅದರಾಚೆ ಇಲ್ಲ ಅಂತ ಒಪ್ಪಂದವಾಯಿತು.

ದುಡ್ಡು ಕೊಟ್ಟು ಕೊಳ್ಳುವ ಪ್ರೋಗ್ರಾಂಗಳ ಬಗ್ಗೆಯೂ ಕೇಳುತ್ತಾರೆ. ಮೊದಲ ವರ್ಷ ನಾವೂ ಒಂದಕ್ಕೆ ಎರಡು ವರ್ಷದ ಚಂದಾ ಒಟ್ಟಿಗೆ ಕಟ್ಟಿದ್ದೆವು, ಹೆಸರು ಬೇಡ. ಒಂದು ಮಗುವಿಗೆ ಒಂದು ತರಗತಿ ಮಾತ್ರ ತೆರೆಯುತ್ತಿತ್ತು. ಕೆಳಗಿನ ತರಗತಿಗೆ ಇಳಿಯಬೇಕಾದರೆ ಮತ್ತೆ ದುಡ್ಡು. ಬೇರೆಬೇರೆ ವಯಸ್ಸಿನ ಮಕ್ಕಳಿರುವವರು ಕಟ್ಟುವ ಮುಂಚೆ ಕೇಳಬೇಕಾದ್ದು ಇದೇ: ಮೇಲೆ ಕೆಳಗೆ ಓಡಾಡಲು ಬಿಡುತ್ತೀರಾ, ಒಂದೇ ಚಂದಾದಲ್ಲಿ ಎಷ್ಟು ಮಕ್ಕಳು, ತಿಂಗಳಿಗೊಮ್ಮೆ ಕಟ್ಟಿ ನಿಲ್ಲಿಸಬಹುದಾ.

ಇನ್ನು ಕಾನೂನು ಮತ್ತು ಪರೀಕ್ಷೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಮಾತಾಡುತ್ತದೆ. ಮನೆಯಲ್ಲಿ ಕಲಿಸುವುದನ್ನು ಅದು ಹೆಸರಿಸಿ ಒಪ್ಪುವುದೂ ಇಲ್ಲ, ಹೆಸರಿಸಿ ಶಿಕ್ಷಿಸುವುದೂ ಇಲ್ಲ. ಆದರೆ ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಾಲೆಗೆ ಹೋಗದೆ ಇದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಅಂದರೆ ಹಿಂದಿರುಗುವ ಬಾಗಿಲು ಮುಚ್ಚಿಲ್ಲ. ಈ ದಾರಿ ಹಿಡಿದ ದೇಶದ ಕುಟುಂಬಗಳು ಸ್ವಶಿಕ್ಷಣ ಅನ್ನುವ ಒಕ್ಕೂಟ ಮಾಡಿಕೊಂಡಿವೆ.

ಆನ್‌ಲೈನ್‌ನಲ್ಲಿ ಎಷ್ಟೇ ಅಂಕ ಬಂದರೂ ಅದು ಪ್ರಮಾಣಪತ್ರ ಅಲ್ಲ. ಪತ್ರ ಬೇಕಿದ್ದರೆ ನಮ್ಮಂಥವರು ಹೆಚ್ಚಾಗಿ ಹೋಗುವುದು 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೆ, ಎನ್‌ಐಒಎಸ್ ಅಂದರೆ ಎಲ್ಲರಿಗೂ ಗೊತ್ತು. ಅದರಲ್ಲಿ 3, 5, 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. ಹತ್ತನೇ ತರಗತಿಗೆ 14 ತುಂಬಿರಬೇಕು, ಐದು ವಿಷಯ, ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಂದೇ ಸಲಕ್ಕೆ ಎಲ್ಲ ಬರೆಯಬೇಕಿಲ್ಲ, ಒಮ್ಮೆ ನೋಂದಾಯಿಸಿದರೆ ಐದು ವರ್ಷ ಸಮಯ.

ದೊಡ್ಡವಳಿಗೆ ಮುಂದಿನ ವರ್ಷ ಹದಿನಾಲ್ಕು. ಹಳೆಯ ಪ್ರಶ್ನೆಪತ್ರಿಕೆ ತೆಗೆದು ನೋಡಿದಾಗ ಹೊಸ ತೂತೊಂದು ಕಂಡಿತು. ಉತ್ತರವೇನೋ ಬರುತ್ತದೆ, ಆದರೆ ಪರದೆಯ ಮೇಲೆ ಉತ್ತರ ಒತ್ತಿ ರೂಢಿ. ದತ್ತ, ಸಾಧನೀಯ, ಹಂತ ಅಂತ ಬರೆದು ಬೇರೆಯವರಿಗೆ ಅರ್ಥವಾಗಿಸುವ ರೂಢಿ ಇಲ್ಲ. ಹಾಗಾಗಿ ಈಗ ಭಾನುವಾರ ಬೆಳಗ್ಗೆ ಮೂರು ಗಂಟೆಯ ಪತ್ರಿಕೆ, ಬಿಳಿ ಹಾಳೆ, ನೀಲಿ ಪೆನ್ನು. ಮೇಲ್ವಿಚಾರಕರು ಅತ್ತೆ, ಗಡಿಯಾರ ಎದುರಿಗಿಟ್ಟುಕೊಂಡು ಹುರುಳಿಕಾಯಿ ಸೋಸುತ್ತ ಕೂರುತ್ತಾರೆ, ತಮ್ಮ ತಂಗಿಯರಿಗೆ ಆ ಕೋಣೆಗೆ ಪ್ರವೇಶವಿಲ್ಲ. ಮೊದಲ ಭಾನುವಾರ ಒಂದೂವರೆ ಗಂಟೆಗೇ ಕೈ ಸೋತಿತು ಅಂತ ಪೆನ್ನು ಕೆಳಗಿಟ್ಟಳು. ಮೊನ್ನೆ ಎರಡೂಕಾಲಕ್ಕೆ ಬಂದಿದ್ದಾಳೆ.